ಕಿಮೊನೊ ಉಡುವ ಮುನ್ನ: ಜಪಾನ್ ಪ್ರವಾಸಿಗರು ಅರಿತಿರಬೇಕಾದ ಸಂಗತಿಗಳು

ಬೆಂಗಳೂರು: ಅನ್ನಪೂರ್ಣೇಶ್ವರಿ ನಗರ, ನಾಗರಬಾವಿ, ಕೆಂಗೇರಿ ಭಾಗದ ಅನೇಕ ಕುಟುಂಬಗಳಿಗೆ ಜಪಾನ್ ಇಂದು ಕೇವಲ ಭೂಪಟದ ಹೆಸರಲ್ಲ. 1997ರಲ್ಲಿ ಸ್ಥಾಪನೆಗೊಂಡ ಟೊಯೊಟಾ ಕಿರ್ಲೋಸ್ಕರ್ ಸಂಸ್ಥೆಯ ಕಾರ್ಖಾನೆ ಇದೇ ಮೈಸೂರು ರಸ್ತೆಯ ಬಿಡದಿಯಲ್ಲಿದೆ. ನಗರದಲ್ಲಿ 2005ರಲ್ಲಿ ಆರಂಭವಾದ ‘ಜಪಾನ್ ಹಬ್ಬ’ದಲ್ಲಿ ಆ ದೇಶದ ಬೇಸಿಗೆಯ ಉಡುಪನ್ನು ಉಟ್ಟು ನೋಡುವ ಅವಕಾಶ ಬೆಂಗಳೂರಿಗರಿಗೆ ದೊರೆತಿದೆ. ಉದ್ಯೋಗ, ತರಬೇತಿ ಅಥವಾ ಪ್ರವಾಸಕ್ಕೆಂದು ಜಪಾನಿಗೆ ತೆರಳುವವರ ಪಟ್ಟಿಯಲ್ಲಿ ಫ್ಯೂಜಿ ಪರ್ವತ, ಬುಲೆಟ್ ರೈಲುಗಳ ಜೊತೆಗೆ ಕಿಮೊನೊ ಉಟ್ಟು ಒಂದು ಛಾಯಾಚಿತ್ರ ತೆಗೆಸಿಕೊಳ್ಳುವ ಆಸೆಯೂ ಇರುತ್ತದೆ.

ಈ ಆಸೆ ತಪ್ಪಲ್ಲ. ಜಪಾನೀಯರು ಸಾಮಾನ್ಯವಾಗಿ ಇದನ್ನು ಸಂತೋಷದಿಂದಲೇ ಕಾಣುತ್ತಾರೆ. ಆದರೆ ಬಾಡಿಗೆಗೆ ದೊರೆಯುವುದು ಬಟ್ಟೆ ಮಾತ್ರ. ಅದರ ಹಿಂದಿನ ಮರ್ಯಾದೆಯನ್ನು ಉಡುವವರೇ ಅರಿತಿರಬೇಕು. ಒಂದು ಮಡಿಕೆ ಅದಲುಬದಲಾದರೆ ಹಬ್ಬದ ಉಡುಪು ಶವದ ಉಡುಪಾಗಿಬಿಡುತ್ತದೆ.

ಏನಿದು ಕಿಮೊನೊ?

‘ಕಿಮೊನೊ’ ಎಂಬ ಪದಕ್ಕೆ ‘ಉಡುವ ವಸ್ತು’ ಎಂದಷ್ಟೇ ಅರ್ಥ. ಇಂದಿನ ರೂಪದ ಮೂಲ ‘ಕೊಸೋದೆ’ ಎಂಬ, ತೋಳಿನ ಬಾಯಿ ಕಿರಿದಾದ ಉಡುಪಿನಲ್ಲಿದೆ. ಎದೊ ಕಾಲದಲ್ಲಿ (1603–1868) ಅದು ಎಲ್ಲ ವರ್ಗದವರ ಉಡುಪಾಗಿತ್ತು. 1868ರ ನಂತರ ಪಾಶ್ಚಾತ್ಯ ಉಡುಪು ವ್ಯಾಪಕವಾದಾಗ ಅದರಿಂದ ಬೇರೆಯಾಗಿ ಗುರುತಿಸಲು ಕಿಮೊನೊ ಎಂಬ ಹೆಸರು ಹೆಚ್ಚು ಬಳಕೆಗೆ ಬಂತು.

ಸುಮಾರು 36ರಿಂದ 38 ಸೆಂಟಿಮೀಟರ್ ಅಗಲ, ಹನ್ನೆರಡು ಮೀಟರ್ ಉದ್ದದ ಒಂದೇ ಸುರುಳಿ ಬಟ್ಟೆಯಿಂದ ಒಂದು ಕಿಮೊನೊ ಸಿದ್ಧವಾಗುತ್ತದೆ. ಬಟ್ಟೆಯನ್ನು ನೇರ ಪಟ್ಟಿಗಳಾಗಿ ಮಾತ್ರ ಕತ್ತರಿಸುವುದರಿಂದ ಚೂರು ಪೋಲಾಗುವುದಿಲ್ಲ. ಹೊಲಿಗೆ ಬಿಚ್ಚಿದರೆ ಪಟ್ಟಿಗಳನ್ನು ಮತ್ತೆ ಜೋಡಿಸಿ ಮೂಲ ಬಟ್ಟೆಯ ರೂಪಕ್ಕೆ ತರಬಹುದು. ಹಳೆಯ ಕಾಲದಲ್ಲಿ ಹೀಗೆ ಬಿಚ್ಚಿಯೇ ಒಗೆದು ಮತ್ತೆ ಹೊಲಿಯುತ್ತಿದ್ದರು. ದೇಹದ ಉಬ್ಬುತಗ್ಗಿಗೆ ತಕ್ಕಂತೆ ಬಟ್ಟೆಯನ್ನು ಕತ್ತರಿಸದೆ, ಉಡುವಾಗ ಮಡಿಸಿ ಕಟ್ಟಿ ಹೊಂದಿಸಿಕೊಳ್ಳುವ ಈ ಕ್ರಮ ಸೀರೆ, ಪಂಚೆಗಳನ್ನು ಬಲ್ಲ ಕನ್ನಡಿಗರಿಗೆ ಹೊಸತೇನಲ್ಲ.

ಎಡ ಮೇಲೆ, ಬಲ ಒಳಗೆ

ಕಿಮೊನೊ ಉಡುವವರು ಮರೆಯಬಾರದ ಮೊದಲ ನಿಯಮವಿದು. ಬಲಗಡೆಯ ಅಂಚನ್ನು ಮೊದಲು ಮೈಗೆ ಸುತ್ತಿ, ಅದರ ಮೇಲೆ ಎಡಗಡೆಯ ಅಂಚನ್ನು ತರಬೇಕು. ಎದುರಿನಿಂದ ನೋಡುವವರಿಗೆ ಕೊರಳಪಟ್ಟಿಯು ಇಂಗ್ಲಿಷಿನ ‘ವೈ’ ಅಕ್ಷರದಂತೆ ಕಾಣುತ್ತದೆ. ಗಂಡಸರಿಗೂ ಹೆಂಗಸರಿಗೂ ನಿಯಮ ಒಂದೇ. ಈ ಕ್ರಮವನ್ನು ಎಲ್ಲರೂ ಪಾಲಿಸಬೇಕೆಂದು ಕ್ರಿ.ಶ. 719ರಲ್ಲೇ ರಾಜಾಜ್ಞೆ ಹೊರಟಿತ್ತು.

ಇದಕ್ಕೆ ವಿರುದ್ಧವಾಗಿ, ಬಲಗಡೆಯ ಅಂಚನ್ನು ಮೇಲೆ ತಂದು ಉಡಿಸುವುದು ಅಂತ್ಯಕ್ರಿಯೆಗೆ ಸಿದ್ಧಪಡಿಸಿದ ಶವಕ್ಕೆ ಮಾತ್ರ. ನಮ್ಮಲ್ಲಿ ದೇವಕಾರ್ಯದಲ್ಲಿ ಎಡ ಹೆಗಲ ಮೇಲಿರುವ ಜನಿವಾರವನ್ನು ಪಿತೃಕಾರ್ಯದಲ್ಲಿ ಬಲ ಹೆಗಲಿಗೆ ಬದಲಿಸುವ ಪದ್ಧತಿಯನ್ನು ಬಲ್ಲವರಿಗೆ ಇದರ ಗಾಂಭೀರ್ಯ ಬಿಡಿಸಿ ಹೇಳಬೇಕಿಲ್ಲ. ಎಡಬಲಗಳ ಅದಲುಬದಲು ಬದುಕಿರುವವರ ಲೋಕವನ್ನೂ ಅಗಲಿದವರ ಲೋಕವನ್ನೂ ಬೇರ್ಪಡಿಸುತ್ತದೆ.

ಬಾಡಿಗೆ ಅಂಗಡಿಗಳಲ್ಲಿ ಸಿಬ್ಬಂದಿಯೇ ಉಡಿಸುವುದರಿಂದ ಅಲ್ಲಿ ಈ ತಪ್ಪು ನಡೆಯುವುದಿಲ್ಲ. ತಪ್ಪಾಗುವುದು ವಸತಿಗೃಹದ ಕೋಣೆಯಲ್ಲಿ ತಾವೇ ಉಟ್ಟುಕೊಂಡಾಗ. ಇನ್ನೊಂದು ಎಚ್ಚರಿಕೆಯೂ ಅಗತ್ಯ. ಮೊಬೈಲ್‌ನ ಮುಂಭಾಗದ ಕ್ಯಾಮೆರಾದಲ್ಲಿ ತೆಗೆದ ಚಿತ್ರ ಕೆಲವೊಮ್ಮೆ ಕನ್ನಡಿಯ ಬಿಂಬದಂತೆ ಎಡಬಲ ತಿರುಗಿ ದಾಖಲಾಗುತ್ತದೆ. ಸರಿಯಾಗಿ ಉಟ್ಟವರೂ ಚಿತ್ರದಲ್ಲಿ ಶವದ ಉಡುಪಿನಲ್ಲಿ ಕಾಣಿಸಿಕೊಳ್ಳುವ ಸಂಭವವಿದೆ. ಜಪಾನಿನ ಸಹೋದ್ಯೋಗಿಗಳಿಗೆ ಚಿತ್ರ ಕಳುಹಿಸುವ ಮುನ್ನ ಪರಿಶೀಲಿಸುವುದು ಒಳ್ಳೆಯದು.

ಬಾಡಿಗೆ ಅಂಗಡಿಯಲ್ಲಿ

ಕ್ಯೋಟೊ ನಗರದ ಕಿಯೊಮಿಜು ದೇಗುಲ ಮತ್ತು ಗಿಯೋನ್ ಪರಿಸರ, ಟೋಕಿಯೊದ ಅಸಾಕುಸಾ, ಪಶ್ಚಿಮ ಕರಾವಳಿಯ ಕನಜಾವಾ – ಇಲ್ಲೆಲ್ಲ ಬಾಡಿಗೆ ಅಂಗಡಿಗಳು ಸಾಲುಸಾಲಾಗಿವೆ. ಸರಳ ಉಡುಪಿನ ದಿನದ ಬಾಡಿಗೆ ಸಾಮಾನ್ಯವಾಗಿ ಕೆಲವು ಸಾವಿರ ಯೆನ್. ಕೇಶಾಲಂಕಾರಕ್ಕೆ ಹಲವೆಡೆ ಪ್ರತ್ಯೇಕ ಶುಲ್ಕವಿರುತ್ತದೆ. ಬೆಳಗ್ಗೆ ಪಡೆದ ಉಡುಪನ್ನು ಸಂಜೆ ಅಂಗಡಿ ಮುಚ್ಚುವ ಮುನ್ನ ಹಿಂದಿರುಗಿಸಬೇಕು.

ಉಡಿಸುವ ಕೆಲಸವೇ ಒಂದು ಕಲೆ. ಅದಕ್ಕೆಂದೇ ತರಬೇತಿ ಶಾಲೆಗಳಿವೆ. ಮೊದಲು ತೆಳು ಒಳ ಉಡುಪು, ಅದರ ಮೇಲೆ ‘ನಾಗಜುಬಾನ್’ ಎಂಬ ಉದ್ದನೆಯ ಒಳಗವಚ, ಅದರ ಮೇಲೆ ಕಿಮೊನೊ. ಗುಂಡಿ, ಪಿನ್ನು ಯಾವುದೂ ಇಲ್ಲ. ಎಲ್ಲವೂ ಲಾಡಿಗಳ ಬಿಗಿತದಲ್ಲಿ ನಿಲ್ಲುತ್ತವೆ. ಹೆಂಗಸರ ಉಡುಪಿನ ಹೆಚ್ಚುವರಿ ಉದ್ದವನ್ನು ಸೊಂಟದ ಬಳಿ ಮಡಿಸಿ ಕಟ್ಟುತ್ತಾರೆ. ಕುತ್ತಿಗೆಯ ಹಿಂಭಾಗ ತುಸು ಕಾಣುವಂತೆ ಕೊರಳಪಟ್ಟಿಯನ್ನು ಕೆಳಕ್ಕೆ ಎಳೆಯುತ್ತಾರೆ. ಕೊನೆಗೆ ಸುಮಾರು ನಾಲ್ಕು ಮೀಟರ್ ಉದ್ದದ ‘ಒಬಿ’ ಎಂಬ ಅಗಲ ನಡುಪಟ್ಟಿಯನ್ನು ಸುತ್ತಿ ಬೆನ್ನ ಹಿಂದೆ ಗಂಟು ಹಾಕುತ್ತಾರೆ. ಗಂಡಸರ ಒಬಿ ಕಿರಿದು; ಅದನ್ನು ಹೊಟ್ಟೆಯ ಕೆಳಭಾಗಕ್ಕೆ ಕಟ್ಟುತ್ತಾರೆ. ಹೆಬ್ಬೆರಳು ಬೇರೆಯಾಗಿರುವ ‘ತಾಬಿ’ ಕಾಲುಚೀಲ ಮತ್ತು ‘ಜೋರಿ’ ಪಾದರಕ್ಷೆಯೊಂದಿಗೆ ಉಡುಪು ಪೂರ್ಣವಾಗುತ್ತದೆ.

ಉಟ್ಟ ಮೇಲೆ ದೊಡ್ಡ ಹೆಜ್ಜೆ ಹಾಕಲಾಗದು. ಮೆಟ್ಟಿಲು ಹತ್ತುವಾಗ ನೆರಿಗೆ ಎತ್ತಿ ಹಿಡಿಯುವಂತೆ ಬಲಗೈಯಿಂದ ಅಂಚನ್ನು ತುಸು ಎತ್ತಬೇಕು. ಕುರ್ಚಿಗೆ ಪೂರ್ತಿ ಒರಗಿದರೆ ಒಬಿಯ ಗಂಟು ನಜ್ಜುಗುಜ್ಜಾಗುತ್ತದೆ. ಊಟದ ವೇಳೆ ಇಳಿಬಿದ್ದ ತೋಳನ್ನು ಇನ್ನೊಂದು ಕೈಯಿಂದ ಹಿಡಿದುಕೊಳ್ಳದಿದ್ದರೆ ಅದು ಸಾರಿನ ಬಟ್ಟಲಿಗೆ ಬೀಳುವುದು ಖಂಡಿತ.

ಯುಕಾತಾ ಬೇರೆ, ಕಿಮೊನೊ ಬೇರೆ

ಪ್ರವಾಸಿಗರು ಹೆಚ್ಚಾಗಿ ಗೊಂದಲಕ್ಕೀಡಾಗುವುದು ಇಲ್ಲಿ. ಯುಕಾತಾ ಎಂಬುದು ಅಸ್ತರಿಲ್ಲದ ಹತ್ತಿಯ ಉಡುಪು. ಸ್ನಾನಕ್ಕೆ ಸಂಬಂಧಿಸಿದ ಬಟ್ಟೆಯಾಗಿ ಹುಟ್ಟಿದ ಇದು ಈಗ ಬೇಸಿಗೆಯ ಹಬ್ಬ, ಬಾಣಬಿರುಸಿನ ಸಂಜೆಗಳ ಉಡುಪಾಗಿದೆ. ಸಾಂಪ್ರದಾಯಿಕ ವಸತಿಗೃಹಗಳಾದ ‘ರ‍್ಯೋಕಾನ್’ಗಳಲ್ಲಿ ಅತಿಥಿಗಳಿಗೆ ಕೊಠಡಿಯಲ್ಲೇ ಯುಕಾತಾ ಇಟ್ಟಿರುತ್ತಾರೆ. ಏಳು ಸಾರ್ವಜನಿಕ ಸ್ನಾನಗೃಹಗಳಿರುವ ಕಿನೊಸಾಕಿಯಂತಹ ಬಿಸಿನೀರ ಬುಗ್ಗೆಯ ಊರಿನಲ್ಲಿ ಅದನ್ನುಟ್ಟು, ಮರದ ‘ಗೇತಾ’ ಮೆಟ್ಟಿ ಬೀದಿಯಲ್ಲಿ ಓಡಾಡುವುದೇ ವಾಡಿಕೆ. ಆದರೆ ದೊಡ್ಡ ನಗರದ ಹೋಟೆಲ್‌ನಲ್ಲಿ ಕೊಡುವ ಯುಕಾತಾ ಮಲಗುವ ಉಡುಪು. ಅದರಲ್ಲಿ ಹೊರಗೆ ಹೋಗುವುದು ರಾತ್ರಿಯುಡುಪಿನಲ್ಲಿ ಮದುವೆ ಮಂಟಪಕ್ಕೆ ಹೋದಂತೆ.

ಕಿಮೊನೊದಲ್ಲೂ ದರ್ಜೆಗಳಿವೆ. ಉದ್ದ ತೋಳಿನ ‘ಫುರಿಸೋದೆ’ ಅವಿವಾಹಿತ ಯುವತಿಯರದು. ಜನವರಿಯ ಎರಡನೇ ಸೋಮವಾರ ನಡೆಯುವ ಪ್ರೌಢತ್ವದ ದಿನಾಚರಣೆಯಲ್ಲಿ ಇದು ಎದ್ದು ಕಾಣುತ್ತದೆ. ಕೆಳ ಅಂಚಿನಲ್ಲಿ ಮಾತ್ರ ಚಿತ್ತಾರವಿರುವ ಕಪ್ಪು ‘ತೊಮೆಸೋದೆ’ಯನ್ನು ವಿವಾಹಿತೆಯರು ಹತ್ತಿರದ ಬಂಧುಗಳ ಮದುವೆಗೆ ಉಡುತ್ತಾರೆ. ಚಿತ್ತಾರವಿಲ್ಲದ ಅಚ್ಚಗಪ್ಪು ಕಿಮೊನೊ ಶೋಕದ ಉಡುಪು. ಋತುವಿನ ಲೆಕ್ಕವೂ ಇದೆ: ಅಕ್ಟೋಬರ್‌ನಿಂದ ಮೇವರೆಗೆ ಅಸ್ತರು ಸಹಿತ, ಜೂನ್ ಮತ್ತು ಸೆಪ್ಟೆಂಬರ್‌ನಲ್ಲಿ ಅಸ್ತರು ರಹಿತ, ಜುಲೈ–ಆಗಸ್ಟ್‌ನಲ್ಲಿ ಜಾಳಿಗೆಯಂತಹ ತೆಳು ಬಟ್ಟೆ ಎಂಬುದು ಸಾಂಪ್ರದಾಯಿಕ ಕ್ರಮ.

ಗಿಯೋನ್ ಗಲ್ಲಿಗಳ ತಕರಾರು

ಕ್ಯೋಟೊದ ಗಿಯೋನ್, ಹಾಡು–ನೃತ್ಯಗಳ ವೃತ್ತಿಯ ‘ಗೇಕೊ’ ಹಾಗೂ ಅವರ ಶಿಷ್ಯೆಯರಾದ ‘ಮೈಕೊ’ಗಳ ನೆಲೆ. ಬಿಳಿ ಬಣ್ಣ ಬಳಿಸಿಕೊಂಡು ಮೈಕೊ ವೇಷ ಧರಿಸಿ ಚಿತ್ರ ತೆಗೆಸಿಕೊಳ್ಳುವ ಸ್ಟುಡಿಯೊಗಳೂ ಕ್ಯೋಟೊದಲ್ಲಿವೆ. ಹೀಗಾಗಿ ಬೀದಿಯಲ್ಲಿ ನಿಜವಾದವರಾರು, ವೇಷ ಹಾಕಿದವರಾರು ಎಂದು ತಿಳಿಯದ ಪ್ರವಾಸಿಗರು ಕೆಲಸಕ್ಕೆ ಹೊರಟ ಹೆಣ್ಣುಮಕ್ಕಳನ್ನು ಅಡ್ಡಗಟ್ಟಿ ಚಿತ್ರ ತೆಗೆದದ್ದುಂಟು. ತೋಳು ಹಿಡಿದು ಎಳೆದ ದೂರುಗಳೂ ಬಂದವು.

ಬೇಸತ್ತ ನಿವಾಸಿಗಳು 2019ರಲ್ಲಿ ಖಾಸಗಿ ಓಣಿಗಳಲ್ಲಿ ಅನುಮತಿಯಿಲ್ಲದ ಛಾಯಾಗ್ರಹಣವನ್ನು ನಿಷೇಧಿಸಿದರು. 2024ರಲ್ಲಿ ಅಂತಹ ಕೆಲವು ಓಣಿಗಳಿಗೆ ಪ್ರವಾಸಿಗರ ಪ್ರವೇಶವನ್ನೇ ನಿರ್ಬಂಧಿಸಿ, ತಪ್ಪಿದರೆ 10,000 ಯೆನ್ ದಂಡವೆಂಬ ಫಲಕ ಹಾಕಲಾಯಿತು. ಮುಖ್ಯ ಬೀದಿಯಲ್ಲಿ ಓಡಾಡಲು ಅಡ್ಡಿಯಿಲ್ಲ. ಬಾಡಿಗೆಯ ಕಿಮೊನೊ ಉಟ್ಟವರಿಗೂ ಫಲಕದ ನಿಯಮ ಅನ್ವಯಿಸುತ್ತದೆ ಎಂಬುದನ್ನು ಮರೆಯಬಾರದು.

ಪರರು ಉಟ್ಟರೆ ತಪ್ಪೇ?

2015ರಲ್ಲಿ ಅಮೆರಿಕದ ಬಾಸ್ಟನ್ ಲಲಿತಕಲಾ ವಸ್ತುಸಂಗ್ರಹಾಲಯದಲ್ಲಿ ಈ ಪ್ರಶ್ನೆ ತೀವ್ರವಾಗಿ ಎದ್ದಿತು. ಚಿತ್ರಕಾರ ಕ್ಲಾಡ್ ಮೊನೆ 1876ರಲ್ಲಿ ರಚಿಸಿದ, ಕಿಮೊನೊ ತೊಟ್ಟ ತನ್ನ ಪತ್ನಿಯ ಚಿತ್ರದ ಮುಂದೆ ನಿಂತು ಅದೇ ಮಾದರಿಯ ಉಡುಪು ತೊಡಲು ವೀಕ್ಷಕರಿಗೆ ಅವಕಾಶ ಕಲ್ಪಿಸಲಾಗಿತ್ತು. ಒಂದು ಜನಾಂಗದ ಉಡುಪನ್ನು ವೇಷವಾಗಿಸಲಾಗಿದೆ ಎಂದು ಕೆಲವರು ಪ್ರತಿಭಟಿಸಿದರು. ಹಂಚಿಕೊಳ್ಳುವುದರಲ್ಲಿ ತಪ್ಪೇನು ಎಂದು ಬೇರೆ ಕೆಲವರು ಕಿಮೊನೊ ಉಟ್ಟೇ ಬಂದು ಅದಕ್ಕೆ ಉತ್ತರ ಕೊಟ್ಟರು. ಕೊನೆಗೆ ಸಂಗ್ರಹಾಲಯ ಉಡುಪು ತೊಡುವ ಕಾರ್ಯಕ್ರಮವನ್ನು ಕೈಬಿಟ್ಟಿತು. ಗಮನಾರ್ಹವೆಂದರೆ, ಆ ಉಡುಪುಗಳನ್ನು ಸಿದ್ಧಪಡಿಸಿದ್ದು ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ. ಜಪಾನಿನಲ್ಲೂ ಜನ ಅವನ್ನು ತೊಟ್ಟು ನೋಡಿದ್ದರು.

ಈ ಪ್ರಶ್ನೆ ಕನ್ನಡನಾಡಿಗೂ ಹೊರತಲ್ಲ. ಮಡಿಕೇರಿಗೆ ಹೋದ ಪ್ರವಾಸಿಗರು ಕೊಡವ ಉಡುಪು ತೊಟ್ಟು ಚಿತ್ರ ತೆಗೆಸಿಕೊಳ್ಳುವುದುಂಟು. ಕಪ್ಪು ಕುಪ್ಯ, ಕೆಂಪು ಚೇಲೆ, ಬೆಳ್ಳಿಯ ಪೀಚೆಕತ್ತಿ ಹೊರಗಿನವರಿಗೆ ಅಂದದ ವೇಷವಾಗಿ ಕಾಣಬಹುದು. ಕೊಡವರಿಗೆ ಅದು ಮದುವೆ, ಹಬ್ಬ, ಕುಲಾಚಾರಗಳ ಉಡುಪು. ಮದುಮಗ ಬಿಳಿ ಕುಪ್ಯ ತೊಡುತ್ತಾನೆ. ಹೆಂಗಸರು ಸೀರೆಯ ನೆರಿಗೆಯನ್ನು ಬೆನ್ನ ಹಿಂದೆ ಸಿಕ್ಕಿಸಿಕೊಳ್ಳುವುದಕ್ಕೆ ಕಾವೇರಿಯ ಪ್ರವಾಹದ ಐತಿಹ್ಯವೇ ಇದೆ. ಹೋಟೆಲ್, ರೆಸಾರ್ಟ್‌ಗಳ ಸಿಬ್ಬಂದಿಗೆ ಈ ಉಡುಪನ್ನು ಸಮವಸ್ತ್ರವಾಗಿ ತೊಡಿಸುವುದಕ್ಕೆ ಕೊಡವ ಸಂಘಟನೆಗಳಿಂದ ಆಕ್ಷೇಪ ಕೇಳಿಬಂದಿದೆ. ಅತಿಥಿಯಾಗಿ ಬಂದವನು ಗೌರವದಿಂದ ತೊಡುವುದು ಒಂದು, ಅರ್ಥ ಕಳಚಿ ಅಲಂಕಾರಕ್ಕೆ ಬಳಸುವುದು ಇನ್ನೊಂದು. ಮಡಿಕೇರಿಯಲ್ಲಿ ನಾವು ಅತಿಥಿಗಳಿಂದ ಬಯಸುವ ನಡತೆಯೇ ಕ್ಯೋಟೊದಲ್ಲಿ ನಮ್ಮಿಂದಲೂ ನಿರೀಕ್ಷಿತ.

ರೇಷ್ಮೆಯ ನಂಟು

ಕಿಮೊನೊದ ಜೀವಾಳ ರೇಷ್ಮೆ. ಈ ಎಳೆ ಬೆಂಗಳೂರಿಗೂ ತಾಗಿದೆ. 1893ರಲ್ಲಿ ಜಪಾನಿಗೆ ಹೋಗಿ ಬಂದಿದ್ದ ಜಮ್‌ಶೇಟ್‌ಜಿ ಟಾಟಾ, ಅಲ್ಲಿನ ತಜ್ಞರ ನೆರವಿನಿಂದ ಬೆಂಗಳೂರಿನಲ್ಲಿ ರೇಷ್ಮೆ ಕೃಷಿ ಕ್ಷೇತ್ರ ಸ್ಥಾಪಿಸಿದರು. ಬಸವನಗುಡಿ ಬಳಿಯ ‘ಟಾಟಾ ಸಿಲ್ಕ್ ಫಾರ್ಮ್’ ಎಂಬ ಸ್ಥಳನಾಮ ಇಂದಿಗೂ ಅದರ ಗುರುತು. 1991ರಲ್ಲಿ ಜಪಾನ್ ಸರ್ಕಾರದ ನೆರವಿನ ದ್ವಿತಳಿ ರೇಷ್ಮೆ ಯೋಜನೆ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯ ಸಹಯೋಗದಲ್ಲಿ ಆರಂಭವಾಗಿ, ಅಧಿಕ ಇಳುವರಿಯ ತಳಿಗಳು ರಾಜ್ಯದ ರೈತರಿಗೆ ತಲುಪಿದವು.

ಆದರೆ ಜಪಾನಿನಲ್ಲೇ ರೇಷ್ಮೆ ಸೊರಗಿದೆ. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಜಗತ್ತಿನ ಅಗ್ರ ರೇಷ್ಮೆ ರಫ್ತುದಾರನಾಗಿದ್ದ ದೇಶ ಈಗ ಬಹುಪಾಲು ರೇಷ್ಮೆಯನ್ನು ಆಮದು ಮಾಡಿಕೊಳ್ಳುತ್ತದೆ. ಕ್ಯೋಟೊದ ನೇಕಾರರ ಬಡಾವಣೆ ನಿಶಿಜಿನ್, ಓನಿನ್ ಯುದ್ಧದ (1467–77) ಪಶ್ಚಿಮ ಪಾಳೆಯದಿಂದ ಆ ಹೆಸರು ಪಡೆದದ್ದು. ಅಲ್ಲಿ ಇಂದು ನುರಿತ ನೇಕಾರರಿಗೆ ವಯಸ್ಸಾಗಿದೆ, ಮಗ್ಗಗಳು ಕಡಿಮೆಯಾಗಿವೆ. ಬಾಡಿಗೆ ಅಂಗಡಿಗಳ ಉಡುಪುಗಳಲ್ಲಿ ಬಹಳಷ್ಟು ಸುಲಭವಾಗಿ ಒಗೆಯಬಹುದಾದ ಪಾಲಿಯೆಸ್ಟರ್‌ನವು. ಪ್ರವಾಸಿಗರ ಹಣದಿಂದ ಉಡಿಸುವ ಕಲೆ ಉಳಿದೀತು, ನೇಯುವ ಕೈಗೆ ಕೆಲಸ ಸಿಗುವುದು ಕಷ್ಟ. ಕೈಮಗ್ಗದ ಸಂಕಟ ಕಂಡಿರುವ ಕನ್ನಡಿಗರಿಗೆ ಇದೂ ಪರಿಚಿತವೇ.

ನೆನಪಿಡಬೇಕಾದ್ದು

* ಎಡ ಅಂಚು ಸದಾ ಮೇಲೆ. ಸಂಶಯವಿದ್ದರೆ ವಸತಿಗೃಹದ ಸಿಬ್ಬಂದಿಯನ್ನು ಕೇಳಬೇಕು. ಕೇಳುವುದು ಅವಮಾನವಲ್ಲ.

* ಕಾಯ್ದಿರಿಸುವಾಗಲೇ ಎತ್ತರ ಹಾಗೂ ಸುತ್ತಳತೆ ತಿಳಿಸಿದರೆ ಸೂಕ್ತ ಅಳತೆಯ ಉಡುಪು ದೊರೆಯುತ್ತದೆ.

* ಕಲೆ, ಹರಿತಗಳಿಗೆ ಹೆಚ್ಚುವರಿ ಶುಲ್ಕವೆಷ್ಟು ಎಂಬುದನ್ನು ಮೊದಲೇ ಕೇಳಿಕೊಳ್ಳಬೇಕು.

* ಮೈಕೊ, ಗೇಕೊಗಳನ್ನು ತಡೆದು ನಿಲ್ಲಿಸಬಾರದು. ಖಾಸಗಿ ಓಣಿಯ ಫಲಕಗಳನ್ನು ಓದಬೇಕು.

* ಅಪ್ಪಟ ರೇಷ್ಮೆಯ ಹಳೆಯ ಕಿಮೊನೊ ಬೇಕಾದವರು ಕ್ಯೋಟೊದ ತೋಜಿ ದೇಗುಲದಲ್ಲಿ ಪ್ರತಿ ತಿಂಗಳ 21ರಂದು, ಕಿತಾನೊ ತೆನ್‌ಮಾಂಗು ಗುಡಿಯಲ್ಲಿ 25ರಂದು ನಡೆಯುವ ಸಂತೆಗಳಲ್ಲಿ ಹುಡುಕಬಹುದು.

ಬಾಡಿಗೆಯ ಉಡುಪು ಸಂಜೆಗೆ ಅಂಗಡಿಗೆ ಮರಳುತ್ತದೆ. ಉಟ್ಟವರು ಹೇಗೆ ನಡೆದುಕೊಂಡರು ಎಂಬುದು ಮಾತ್ರ ಆ ಊರಿನವರ ನೆನಪಿನಲ್ಲಿ ಉಳಿಯುತ್ತದೆ. ಮುಂದೆ ಬರುವ ಅತಿಥಿಗೆ ಬಾಗಿಲು ತೆರೆಯುವುದೋ ಮುಚ್ಚುವುದೋ ಅದನ್ನೇ ಅವಲಂಬಿಸಿದೆ.