ಅಷ್ಟೂರು ಜಾತ್ರೆ: ಸುಲ್ತಾನನ ಉರುಸಿಗೆ ಪಂಚಾಂಗದ ತಿಥಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಬೇಸಿಗೆ ಬಂತು ಅಂದ್ರೆ ನಮ್ಮ ಕಡೆ ಜಾತ್ರೆಗಳ ಸಾಲು. ಇವತ್ತು ಬೀದರ್‌ನ ಒಂದು ಜಾತ್ರೆಗೆ ಹೋಗಿ ಬರೋಣ. ಹೋಳಿ ಹುಣ್ಣಿಮೆ ಕಳೆದು ಕೆಲವೇ ದಿನಕ್ಕೆ, ಬಿಸಿಲು ಏರತೊಡಗಿದ ಹೊತ್ತಿಗೆ, ಶಹರದ ಪೂರ್ವಕ್ಕಿರುವ ಅಷ್ಟೂರಿನಲ್ಲಿ ಜನ ಸೇರ್ತಾರೆ. ಕೆಲವರು ಇದನ್ನು ಜಾತ್ರೆ ಅಂತಾರೆ, ಕೆಲವರು ಉರುಸು ಅಂತಾರೆ. ಜನ ಸೇರೋದು ಮಾತ್ರ ಒಂದೇ ಗುಮ್ಮಟದ ಸುತ್ತ. ಅದು ಬಹಮನಿ ಸುಲ್ತಾನ ಅಹ್ಮದ್ ಶಾಹ ವಲಿಯ ಗೋರಿ.

ಮೊದಲಿಗೆ ಒಂದು ಪ್ರಶ್ನೆ. ಈ ಉರುಸು ಪ್ರತಿ ವರ್ಷ ಬೇಸಿಗೆಯ ಬಾಗಿಲಿಗೇ ಯಾಕೆ ಬರುತ್ತೆ?

ಪ್ರಶ್ನೆ ಸಣ್ಣದು ಅನ್ನಿಸಬಹುದು. ಆದರೆ ಕಲಬುರಗಿಯ ಖ್ವಾಜಾ ಬಂದೇ ನವಾಜರ ಉರುಸು ನೋಡಿ. ಅದು ಹಿಜರಿ ತಿಂಗಳು ಜಿಲ್ಕಾದದಲ್ಲಿ ನಡೆಯುತ್ತೆ. ಹಿಜರಿ ವರ್ಷ ಸುಮಾರು 354 ದಿನದ್ದು, ಹಾಗಾಗಿ ಆ ಉರುಸು ವರ್ಷಕ್ಕೆ ಹನ್ನೊಂದು ದಿನದಷ್ಟು ಹಿಂದಕ್ಕೆ ಸರೀತಾ ಹೋಗುತ್ತೆ. ಒಮ್ಮೆ ಮಳೆಗಾಲದಲ್ಲಿ ಬಂದರೆ, ಕೆಲವು ವರ್ಷದ ಮೇಲೆ ಬೇಸಿಗೆಯಲ್ಲಿ, ಆಮೇಲೆ ಚಳಿಯಲ್ಲಿ. ಹೆಚ್ಚಿನ ಕಡೆ ಉರುಸಿನ ರೂಢಿಯೇ ಹಾಗೆ. ಅಹ್ಮದ್ ಶಾಹ ತೀರಿಕೊಂಡದ್ದು 1436ರಲ್ಲಿ. ಹಿಜರಿ ಲೆಕ್ಕ ಹಿಡಿದಿದ್ದರೆ ಅವನ ಉರುಸು ಇಷ್ಟರಲ್ಲಿ ಎಲ್ಲ ಋತುಗಳನ್ನೂ ಹದಿನೇಳು-ಹದಿನೆಂಟು ಬಾರಿ ಸುತ್ತಿ ಬರಬೇಕಿತ್ತು. ಆದರೆ ಅಷ್ಟೂರಿನ ಉರುಸು ಫಾಲ್ಗುಣ ಬಿಟ್ಟು ಕದಲಿಲ್ಲ. ಅದು ನಡೆಯೋದು ನಮ್ಮ ಪಂಚಾಂಗದ ತಿಥಿಗೆ. ಅಧಿಕ ಮಾಸ ಸೇರಿಸಿ ತಿಂಗಳುಗಳನ್ನು ಋತುವಿಗೆ ಹೊಂದಿಸಿಕೊಳ್ಳುವ ಪಂಚಾಂಗ ಅದು.

ಅಂದ್ರೆ, ಒಬ್ಬ ಸುಲ್ತಾನನ ಪುಣ್ಯದಿನವನ್ನು ಅವನ ಆಸ್ಥಾನದ ಕ್ಯಾಲೆಂಡರ್ ಕಾಪಾಡಲಿಲ್ಲ, ಒಕ್ಕಲಿಗರ ಕ್ಯಾಲೆಂಡರ್ ಕಾಪಾಡಿತು. ಇತಿಹಾಸದ ದಾಖಲೆ ಅಂದ್ರೆ ಬರೀ ಶಾಸನ, ತಾಮ್ರಪಟ ಅಂದುಕೊಳ್ತೀವಿ. ಒಂದು ಜಾತ್ರೆಯ ತಾರೀಖು ಕೂಡ ದಾಖಲೆಯೇ.

ಯಾರು ಈ ಅಹ್ಮದ್ ಶಾಹ? 1422ರಲ್ಲಿ ಅಣ್ಣ ಫಿರೋಜ್ ಶಾಹನ ನಂತರ ಕಲಬುರಗಿಯ ಪಟ್ಟಕ್ಕೆ ಬಂದವನು. ಬಂದೇ ನವಾಜರು ತೀರಿಕೊಂಡದ್ದೂ ಅದೇ ವರ್ಷ. ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ತಂದವನು ಇವನೇ. ಇರಾನಿನ ಸೂಫಿ ಸಂತ ಶಾಹ ನಿಯಾಮತುಲ್ಲಾ ವಲಿಯವರಲ್ಲಿ ಅವನಿಗೆ ಬಹಳ ಭಕ್ತಿ. ಅವರ ಮೊಮ್ಮಗ ಬೀದರ್‌ಗೆ ಬಂದರು, ಆಮೇಲೆ ಮಗ ಖಲೀಲುಲ್ಲಾ ಬಂದರು. ಶಹರದಿಂದ ಅಷ್ಟೂರಿಗೆ ಹೋಗುವ ದಾರಿಯಲ್ಲಿ ದಿಬ್ಬದ ಮೇಲೆ ಕಾಣುವ ಚೌಖಂಡಿ ಆ ಖಲೀಲುಲ್ಲಾರ ಸಮಾಧಿ.

ಅಹ್ಮದ್ ಶಾಹನ ಬಗ್ಗೆ ನಮಗೆ ಹೆಚ್ಚು ಹೇಳೋದು ಫರಿಶ್ತಾ, ವಿಜಯಪುರದಲ್ಲಿ ಎರಡನೇ ಇಬ್ರಾಹಿಂ ಆದಿಲ್ ಶಾಹನ ಆಶ್ರಯದಲ್ಲಿ ಕೂತು ಪಾರ್ಸಿಯಲ್ಲಿ ಚರಿತ್ರೆ ಬರೆದವನು. ಅವನ ಬರಹದಲ್ಲಿ ಇಬ್ಬರು ಅಹ್ಮದ್ ಶಾಹರಿದ್ದಾರೆ.

ಒಬ್ಬ ಯುದ್ಧದವನು. ವಿಜಯನಗರದ ಸೀಮೆಗೆ ನುಗ್ಗಿ ಸಿಕ್ಕವರನ್ನು ಕೊಲ್ಲಿಸಿದ. ಸತ್ತವರ ಲೆಕ್ಕ ಇಪ್ಪತ್ತು ಸಾವಿರ ಮುಟ್ಟಿದಾಗಲೆಲ್ಲ ಮೂರು ದಿನ ನಿಂತು ಹಬ್ಬ ಮಾಡಿದ ಅಂತ ಫರಿಶ್ತಾ ಬರೀತಾನೆ. ಹಳೇ ಚರಿತ್ರೆಕಾರರ ಇಂಥ ಅಂಕಿಗಳನ್ನು ಹಾಗ್ಹಾಗೇ ನಂಬಬೇಕಿಲ್ಲ. ಆದರೆ ಯುದ್ಧ ಕ್ರೂರವಾಗಿತ್ತು ಅನ್ನೋದನ್ನು ಮುಚ್ಚಿಡಬೇಕಾಗಿಯೂ ಇಲ್ಲ.

ಇನ್ನೊಬ್ಬ ಮಳೆಯವನು. ಬರ ಬಿತ್ತು. ಸುಲ್ತಾನ ಸರ್ಕಾರಿ ಕಣಜ ತೆಗೆಸಿದ. ಮರುವರ್ಷವೂ ಮಳೆ ಕೈಕೊಟ್ಟಿತು. ಈ ದೊರೆಯ ಕಾಲ್ಗುಣವೇ ಸರಿಯಿಲ್ಲ ಅನ್ನುವ ಮಾತು ಹುಟ್ಟಿತು. ಆಗ ಅವನು ಒಬ್ಬನೇ ಗುಡ್ಡ ಹತ್ತಿ, ನೆಲಕ್ಕೆ ಹಣೆ ಹಚ್ಚಿ ಬೇಡಿಕೊಂಡ. ಮೋಡ ಕವಿಯಿತು, ಮಳೆ ಹೊಯ್ಯಿತು. ಜನ ಅವನನ್ನು 'ವಲಿ' ಅಂದರು. ವಲಿ ಅಂದ್ರೆ ದೇವರಿಗೆ ಹತ್ತಿರದವನು.

ಇಬ್ಬರಲ್ಲಿ ಬೀದರ್‌ನ ಹಳ್ಳಿಗಳು ಯಾರನ್ನು ಇಟ್ಟುಕೊಂಡವು ಅಂತ ಬೇರೆ ಹೇಳಬೇಕಿಲ್ಲ. ಇದು ಒಣಬೇಸಾಯದ ಸೀಮೆ. ಇಲ್ಲಿ ದೊಡ್ಡ ಪವಾಡ ಅಂದ್ರೆ ಮಳೆಯೇ.

ಈಗ ಒಕ್ಕಲುತನದ ಲೆಕ್ಕಕ್ಕೆ ಬನ್ನಿ. ಜಿಲ್ಲೆಯ ಜಾತ್ರೆಗಳನ್ನು ಸಾಲಾಗಿ ಇಟ್ಟು ನೋಡಿದರೆ ರೈತನ ವರ್ಷವೇ ಕಾಣುತ್ತೆ. ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ಜಾತ್ರೆ ಚಳಿಗಾಲದ್ದು. ಔರಾದ್‌ನ ಅಮರೇಶ್ವರ ಜಾತ್ರೆ ಶಿವರಾತ್ರಿ ಹೊತ್ತಿನದು, ಅಲ್ಲಿ ದನಗಳದ್ದೇ ದೊಡ್ಡ ಸುದ್ದಿ. ಕಪ್ಪು-ಬಿಳಿ ಮಚ್ಚೆಯ ದೇವಣಿ ತಳಿ ಈ ಗಡಿ ಸೀಮೆಯದೇ. ಶಿವರಾತ್ರಿ ಮುಗಿದು ಹೋಳಿ ಆಯ್ತು ಅನ್ನುವಾಗ ತೊಗರಿ ಮನೆ ಸೇರಿರುತ್ತೆ, ಕಡಲೆ-ಜೋಳದ ರಾಶಿಯೂ ಮುಗೀತಾ ಬಂದಿರುತ್ತೆ. ಕೈಯಲ್ಲಿ ನಾಲ್ಕು ಕಾಸು, ಮೈಗೆ ತುಸು ಬಿಡುವು. ಮಿರಗದ ಮಳೆಗೆ ಇನ್ನೂ ಎರಡು-ಮೂರು ತಿಂಗಳು. ಮಳೆ ತಂದ ದೊರೆಯನ್ನು ನೆನೆಯೋಕೆ ಇದಕ್ಕಿಂತ ಸರಿಯಾದ ಹೊತ್ತು ಯಾವುದು? ಹಿಜರಿ ತಿಥಿಗೆ ಹೋಗಿದ್ದರೆ ಕೆಲವು ವರ್ಷ ಉರುಸು ಬಿತ್ತನೆ ನಡುವೆ ಬೀಳುತ್ತಿತ್ತು. ಬಿತ್ತನೆ ಬಿಟ್ಟು ಬರುವ ರೈತ ಯಾರು? ರೈತರು ಉರುಸನ್ನು ತಮ್ಮ ಪಂಚಾಂಗಕ್ಕೆ ಕಟ್ಟಿಕೊಂಡದ್ದಕ್ಕೆ ನನಗೆ ತೋರುವ ಕಾರಣ ಇದು.

ಆದರೆ ಜಾತ್ರೆಯ ಮುಖ್ಯ ಅತಿಥಿ ಇನ್ನೂ ಬಂದಿಲ್ಲ. ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಮಾಡಿಯಾಳದಿಂದ ಒಬ್ಬ ಲಿಂಗಾಯತ ಜಂಗಮರು ನೂರಾರು ಭಕ್ತರೊಂದಿಗೆ ಅಷ್ಟೂರಿಗೆ ನಡೆದು ಬರ್ತಾರೆ. ಗುಮ್ಮಟದೊಳಗೆ ಶಂಖ ಊದುತ್ತಾರೆ, ಗೋರಿಗೆ ಹೂ ಏರಿಸ್ತಾರೆ. ಆ ಜಂಗಮರ ತಲೆ ಮೇಲೆ ದರವೇಶಿಗಳ ಹಾಗೆ ಎತ್ತರದ ಟೋಪಿ. ಅವರ ಪಾಲಿಗೆ ಒಳಗೆ ಮಲಗಿರುವವನು ಅಲ್ಲಮಪ್ರಭುವಿನ ಅವತಾರ. ಅಲ್ಲಮ ಶೂನ್ಯಪೀಠ ಏರಿದ ಕಲ್ಯಾಣ ಇದೇ ಜಿಲ್ಲೆಯಲ್ಲಿದೆ, ನೆನಪಿರಲಿ. ಹನ್ನೆರಡನೇ ಶತಮಾನದ ಶರಣ, ಹದಿನೈದನೇ ಶತಮಾನದ ಸುಲ್ತಾನ. ನಡುವಿನ ಮುನ್ನೂರು ವರ್ಷ ಭಕ್ತರಿಗೆ ಅಡ್ಡ ಬರಲಿಲ್ಲ. ಒಬ್ಬರು ಸಕ್ಕರೆ ಓದಿಸ್ತಾರೆ, ಇನ್ನೊಬ್ಬರು ಕಾಯಿ ಒಡೀತಾರೆ.

ಜಂಗಮರ ಈ ಪದ್ಧತಿಯನ್ನು ಹೈದರಾಬಾದ್ ಸಂಸ್ಥಾನದ ಪ್ರಾಚ್ಯವಸ್ತು ಇಲಾಖೆಯ ನಿರ್ದೇಶಕರಾಗಿದ್ದ ಗುಲಾಂ ಯಜ್ದಾನಿ ತಮ್ಮ ಬೀದರ್ ಕುರಿತ ದೊಡ್ಡ ಪುಸ್ತಕದಲ್ಲಿ ದಾಖಲಿಸಿದ್ದಾರೆ. ಪುಸ್ತಕ ಅಚ್ಚಾದದ್ದು 1947ರಲ್ಲಿ.

ಆ ಇಸವಿಯ ಮುಂದಿನ ಇಸವಿಯನ್ನು ಬೀದರ್‌ನವರು ಮರೆಯೋದಿಲ್ಲ. 1948ರ ಮೇ ತಿಂಗಳಲ್ಲಿ ಗೋರ್ಟಾ ಗ್ರಾಮದ ಮೇಲೆ ರಜಾಕಾರರು ಬಿದ್ದು ಜನರನ್ನು ಕೊಂದರು. ಸೆಪ್ಟೆಂಬರ್‌ನಲ್ಲಿ ಪೊಲೀಸ್ ಕಾರ್ಯಾಚರಣೆ ಆಯಿತು, ನಿಜಾಮನ ಆಳ್ವಿಕೆ ಮುಗಿಯಿತು. ಅದರ ಬೆನ್ನಿಗೆ ಮುಸ್ಲಿಮರ ಮೇಲೆ ಹಿಂಸೆ ನಡೆಯಿತು. ಸುಂದರಲಾಲ್ ಸಮಿತಿ ಅತಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳೆಂದು ಹೆಸರಿಸಿದ ನಾಲ್ಕರಲ್ಲಿ ಬೀದರ್ ಒಂದು. ಉಳಿದವು ಉಸ್ಮಾನಾಬಾದ್, ಗುಲ್ಬರ್ಗಾ, ನಾಂದೇಡ್. ಮಾಡಿಯಾಳ ಇರೋದು ಗುಲ್ಬರ್ಗಾ ಜಿಲ್ಲೆಯಲ್ಲಿ, ಅಷ್ಟೂರು ಬೀದರ್‌ನಲ್ಲಿ. ಅಂದ್ರೆ ಜಂಗಮರ ದಾರಿ ಹಾದು ಹೋಗೋದು ಗಾಯಗೊಂಡ ನೆಲದ ಮೇಲೇ.

1956ರಲ್ಲಿ ಇನ್ನೊಂದು ಗೆರೆ ಬಿತ್ತು. ಹಳೇ ಬೀದರ್ ಜಿಲ್ಲೆ ಮೂರು ಪಾಲಾಯಿತು. ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಮೈಸೂರು ರಾಜ್ಯಕ್ಕೆ ಬಂದವು. ಉದಗೀರ್, ನಿಲಂಗಾ, ಅಹ್ಮದ್‌ಪುರ ಮರಾಠಿ ಕಡೆಗೆ, ಜಹೀರಾಬಾದ್, ನಾರಾಯಣಖೇಡ ತೆಲುಗು ಕಡೆಗೆ ಹೋದವು.

ಇಷ್ಟಾದರೂ ಜಾತ್ರೆ ಉಳಿದಿದೆ. ಅದಕ್ಕೇ 'ಭಾವೈಕ್ಯದ ಜಾತ್ರೆ' ಅಂತ ಸಲೀಸಾಗಿ ಹೇಳಿ ಮುಂದೆ ಹೋಗೋದು ನನಗೆ ಸರಿ ಕಾಣೋದಿಲ್ಲ. ಇಲ್ಲಿನ ಜನಕ್ಕೆ ಜಗಳ ಗೊತ್ತಿಲ್ಲದೆ ಈ ಜಾತ್ರೆ ಉಳಿಯಲಿಲ್ಲ. ಜಗಳದ ಅತಿ ಕೆಟ್ಟ ರೂಪ ಕಂಡ ಮೇಲೂ ಶಂಖ ಹಿಡಿದವರು ನಡೆದು ಬಂದರು, ಗೋರಿಯ ಬಾಗಿಲಲ್ಲಿದ್ದವರು ಅವರಿಗೆ ದಾರಿ ಬಿಟ್ಟರು. ಇಂಥ ರೂಢಿಗೆ ಕಾನೂನಿನ ಕಾವಲು ಇರೋದಿಲ್ಲ. ಒಂದು ಊರು ನಡೆಯೋದನ್ನು ಬಿಟ್ಟರೆ, ಅಥವಾ ಇನ್ನೊಂದು ಊರು ದಾರಿ ಬಿಡೋದನ್ನು ನಿಲ್ಲಿಸಿದರೆ, ಮುಗೀತು. ಆಮೇಲೆ ಅದು ಪುಸ್ತಕದಲ್ಲಷ್ಟೇ ಇರುತ್ತೆ.

ನೀವು ಜಾತ್ರೆಗೆ ಹೋದರೆ ಗುಮ್ಮಟದ ಒಳಗೆ ತುಸು ಹೊತ್ತು ನಿಲ್ಲಿ. ಗೋಡೆ, ಛಾವಣಿ ತುಂಬ ಬಂಗಾರ, ಕುಂಕುಮ ಕೆಂಪು, ನೀಲಿ ಬಣ್ಣದ ಬರಹ ಮತ್ತು ಬಳ್ಳಿಗಳಿವೆ. ನಿಯಾಮತುಲ್ಲಾರ ಗುರುಪರಂಪರೆಯೂ ಅಲ್ಲೇ ಬರೆದಿದೆ. ಒಳಗೆ ಬೆಳಕು ಕಡಿಮೆ. ಬೇರೆ ದಿನಗಳಲ್ಲಿ ಹೋದವರಿಗೆ ಕಾವಲಿನವರು ಬಾಗಿಲಲ್ಲಿ ಕನ್ನಡಿ ಹಿಡಿದು, ಹೊರಗಿನ ಬಿಸಿಲನ್ನು ಛಾವಣಿಗೆ ಹಾಯಿಸಿ ತೋರಿಸೋದುಂಟು. ಪಕ್ಕದಲ್ಲೇ ಹುಮಾಯೂನ್ ಶಾಹನ ಗುಮ್ಮಟ ಇದೆ. ಸಿಡಿಲು ಬಡಿದು ಅರ್ಧ ಬಿದ್ದಿದೆ. ಇತಿಹಾಸ ಅವನನ್ನು 'ಜಾಲಿಂ', ಅಂದ್ರೆ ಕ್ರೂರಿ ಅಂತ ಕರೆಯಿತು. ಅವನು ಅಹ್ಮದ್ ಶಾಹನ ಮೊಮ್ಮಗನೇ. ಆದರೆ ಅವನ ಹೆಸರಲ್ಲಿ ಯಾರೂ ಜಾತ್ರೆ ಮಾಡೋದಿಲ್ಲ.

ಈ ಬಯಲಿನಲ್ಲಿ ದೊರೆಗಳ ಗುಮ್ಮಟಗಳು ಸಾಲಾಗಿ ನಿಂತಿವೆ. ಕಟ್ಟಿಸಿದ್ದು ಅರಮನೆ. ಯಾವುದರ ಮುಂದೆ ಪಾದರಕ್ಷೆ ಬಿಡಬೇಕು ಅಂತ ತೀರ್ಮಾನ ಮಾಡಿದ್ದು ಮಾತ್ರ ಹೊಲದಿಂದ ಬಂದ ಜನ. ಬರುವ ಹೋಳಿ ಆದಮೇಲೆ ಒಂದು ದಿನ ಬಿಡುವು ಮಾಡಿಕೊಂಡು ಅಷ್ಟೂರಿಗೆ ಹೋಗಿ ಬನ್ನಿ. ಬಿಸಿಲಿರುತ್ತೆ, ನೀರಿನ ಬಾಟಲಿ ಜೊತೆಗಿರಲಿ.