ಸಿಂಹಾಸನದ ನೆಂಟರು ಮತ್ತು ನಮ್ಮ ಬಂದರು

ವಿಜಯನಗರ ಅಂದ ಕೂಡಲೇ ನಮಗೆಲ್ಲ 1565ರ ತಾಳಿಕೋಟೆ ನೆನಪಾಗುತ್ತೆ. ಹೊರಗಿನವರು ಬಂದು ಕೆಡವಿದರು, ಕಥೆ ಮುಗೀತು. ಅದಕ್ಕೆ ಇಪ್ಪತ್ಮೂರು ವರ್ಷ ಮೊದಲೇ ಮನೆಯೊಳಗಿನ ನೆಂಟರು ಸಿಂಹಾಸನಕ್ಕೆ ಕೈಹಾಕಿದ್ದನ್ನು ನಾವು ಬೇಗ ದಾಟಿಬಿಡುತ್ತೇವೆ.

1529ರಲ್ಲಿ ಕೃಷ್ಣದೇವರಾಯ ತೀರಿಕೊಂಡಾಗ ಪಟ್ಟ ತಮ್ಮ ಅಚ್ಯುತರಾಯನಿಗೆ ಹೋಯಿತು. ಅಳಿಯ ರಾಮರಾಯ ಸುಮ್ಮನಿರಲಿಲ್ಲ, ಮಾವನ ಎಳೆಮಗುವನ್ನು ಮುಂದಿಟ್ಟುಕೊಂಡು ಅಡ್ಡ ನಿಂತ. ಅವನ ಜೊತೆ ತಮ್ಮಂದಿರಾದ ತಿರುಮಲ, ವೆಂಕಟಾದ್ರಿ. ಇದು ಅರವೀಡು ಮನೆತನ. ಅಚ್ಯುತನ ಬೆನ್ನಿಗೆ ಅವನ ಭಾವಮೈದುನರು, ಸಲಕರಾಜ ಮನೆತನದ ಅಣ್ಣತಮ್ಮಂದಿರು. ಎರಡು ಗುಂಪೂ ಅರಮನೆಗೆ ಬಂದದ್ದು ಮದುವೆಯ ದಾರಿಯಿಂದಲೇ.

1542ರಲ್ಲಿ ಅಚ್ಯುತ ಸತ್ತ. ಮಗ ವೆಂಕಟ ಇನ್ನೂ ಹುಡುಗ. ಸಲಕರಾಜ ತಿರುಮಲ ಅವನನ್ನು ಕೊಲ್ಲಿಸಿ ತಾನೇ ಪಟ್ಟಕ್ಕೆ ಕೂತ. ಸೋದರಮಾವ ರೀ! ನಮ್ಮಲ್ಲಿ ಮದುವೆ, ಮುಂಜಿ ಯಾವುದೂ ಅವನಿಲ್ಲದೆ ನಡೆಯಲ್ಲ. ರಾಮರಾಯ ಗುತ್ತಿಯಲ್ಲಿ ಸದಾಶಿವನನ್ನು ರಾಜನೆಂದು ಸಾರಿ, ತಿರುಮಲನನ್ನು ಸೋಲಿಸಿ ಕೊಂದ. ಆಮೇಲಿನ ಶಾಸನಗಳಲ್ಲಿ ಹೆಸರು ಸದಾಶಿವರಾಯನದು, ಆಡಳಿತ ರಾಮರಾಯನದು. ನಮ್ಮ ಆಫೀಸ್ ಭಾಷೇಲಿ ಹೇಳೋದಾದ್ರೆ ಲಾಗಿನ್ ಒಬ್ಬಂದು, ಪಾಸ್‌ವರ್ಡ್ ಇನ್ನೊಬ್ಬನ ಹತ್ರ.

ಈಗ ಘಟ್ಟ ಇಳಿದು ಬನ್ನಿ. ನನ್ನೂರು ತೆಂಗಿನಗುಂಡಿ. ಇವತ್ತು ಇಲ್ಲಿ ಮೀನಿನ ದೋಣಿಗಳು ನಿಲ್ಲುತ್ತವೆ. ಪಕ್ಕದ ಭಟ್ಕಳ ಆಗ ವಿಜಯನಗರಕ್ಕೆ ಕುದುರೆ ಇಳಿಯುತ್ತಿದ್ದ ಬಂದರು. ಹಡಗಿನಲ್ಲಿ ಅರಬ್ಬಿ ಸಮುದ್ರ ದಾಟಿ ಬಂದ ಕುದುರೆಗಳು ಇಲ್ಲಿಂದ ಘಟ್ಟ ಹತ್ತುತ್ತಿದ್ದವು. ಅದೇ 1542ರಲ್ಲಿ ಪೋರ್ಚುಗೀಸ್ ಗವರ್ನರ್ ಮಾರ್ಟಿಮ್ ಅಫೊನ್ಸೊ ಡಿಸೋಜ, ಕಪ್ಪ ಬರಲಿಲ್ಲ ಅಂತ ಭಟ್ಕಳಕ್ಕೆ ನುಗ್ಗಿ, ಲೂಟಿ ಮಾಡಿ, ಊರನ್ನೇ ಸುಟ್ಟ. ಇಲ್ಲಿನ ರಾಣಿ ವಿಜಯನಗರದ ಸಾಮಂತೆ. ಕಾಪಾಡಬೇಕಾದವರು ಆ ವರ್ಷ ತಮ್ಮ ತಮ್ಮಲ್ಲೇ ಕತ್ತಿ ಮಸೆಯುತ್ತಿದ್ದರು. ಎರಡಕ್ಕೂ ನಂಟು ಹಾಕುವುದು ನನ್ನ ಊಹೆ, ಒಪ್ಪದಿದ್ದರೆ ಬಿಡಿ. ಆದರೆ ಇಸವಿ ಮಾತ್ರ ಒಂದೇ.

ಮುಂದೆ ರಾಮರಾಯ ಗಟ್ಟಿಯಾದ ಮೇಲೂ ಭಟ್ಕಳಕ್ಕಾಗಿ ಪೋರ್ಚುಗೀಸರ ಮೇಲೆ ಮುನಿಸು ಇಟ್ಟುಕೊಳ್ಳಲಿಲ್ಲ. ಅವನಿಗೆ ಬೇಕಿದ್ದದ್ದು ಕುದುರೆ. 1547ರಲ್ಲಿ ಅವರ ಜೊತೆ ಒಪ್ಪಂದವಾಯಿತು: ಗೋವೆಯಲ್ಲಿ ಇಳಿದ ಕುದುರೆ ವಿಜಯನಗರಕ್ಕೆ, ಬಿಜಾಪುರಕ್ಕಿಲ್ಲ. ಬದಲಿಗೆ ವಿಜಯನಗರದ ವ್ಯಾಪಾರಿಗಳ ಸರಕು ಹೋಗಬೇಕಾದ ಬಂದರುಗಳು ಅಂಕೋಲಾ ಮತ್ತು ಹೊನ್ನಾವರ.