ದೋಣಿಗೆ ಯಾವ ಲೆನ್ಸು?

ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು ಪಕ್ಷಿಧಾಮವಾಯಿತು. 1981ರಲ್ಲಿ ಆದಿಚುಂಚನಗಿರಿ ನವಿಲುಧಾಮವಾಯಿತು. ಮುಂದೆ ರೀಲು ಎಸ್‌ಎಲ್‌ಆರ್ ಕ್ಯಾಮೆರಾ ಹಿಡಿದು ರಂಗನತಿಟ್ಟಿನಲ್ಲಿ ದೋಣಿ ಹತ್ತಿದವರಿಗೆ ಉದ್ದನೆಯ ಲೆನ್ಸಿಗಿಂತ ಹೆಚ್ಚು ಬೆಳಕು ಬಿಡುವ ಲೆನ್ಸೇ ಮೇಲಾಗಿತ್ತು ಎನ್ನಲು ಲೆಕ್ಕವೇ ಸಾಕ್ಷಿ. 100 ಐಎಸ್‌ಒ ಫಿಲ್ಮು, ಮರದ ನೆರಳು, ಎಫ್ 5.6ರ 400 ಎಂಎಂ ಲೆನ್ಸು: ಸಿಗುವ ಶಟರ್ ವೇಗ ಸುಮಾರು 1/125 ಸೆಕೆಂಡು. ಕೈಯಲ್ಲೇ ಹಿಡಿದು ತೆಗೆಯಲು ಅದಕ್ಕೆ 1/500 ಆದರೂ ಬೇಕು. ಎಫ್ 2.8ರ 135 ಎಂಎಂ ಲೆನ್ಸು ಅದೇ ನೆರಳಲ್ಲಿ 1/500 ಕೊಡುತ್ತದೆ.

ಹಕ್ಕಿ ಚಿಕ್ಕದಾಗಿ ಬೀಳುತ್ತದಲ್ಲ ಎನ್ನಬಹುದು. ನಿಜ, ಆದರೆ ಚಿಕ್ಕದನ್ನು ಡಾರ್ಕ್‌ರೂಮಿನಲ್ಲಿ ಹಿಗ್ಗಿಸಬಹುದು, ಅಲುಗಿದ್ದನ್ನು ತಿದ್ದಲಾಗದು. ಆದಿಚುಂಚನಗಿರಿಯ ಬಂಡೆಯ ಮೇಲೆ ಟ್ರೈಪಾಡ್ ನಿಲ್ಲುತ್ತದೆ, ಅಲ್ಲಿ 400 ಸರಿ, ದೋಣಿಯಲ್ಲಿ ಅಲ್ಲ. ಇಂಥ ಹಳೆಯ ಲೆನ್ಸು ಕೊಳ್ಳುವವರು ಬ್ರ್ಯಾಂಡಿಗಿಂತ ಮೊದಲು ಮೌಂಟು ಕೂರುತ್ತದೆಯೇ, ಗಾಜಿನೊಳಗೆ ಫಂಗಸ್ ಹಿಡಿದಿದೆಯೇ ನೋಡಿ.